ಹಳೇ ಸೈಕಲ್ಲಿನ ನ್ಯಾಯವಾದ ಬೆಲೆ

ಬಳಸಿದ ಟೂರಿಂಗ್ ಸೈಕಲ್ಲಿಗೆ ಮೂರು ಬೆಲೆಗಳಿರುತ್ತವೆ. ಬಿಲ್ಲಿನಲ್ಲಿರುವುದು ಒಂದು, ಮಾರುವವನ ಮನಸ್ಸಿನಲ್ಲಿರುವುದು ಇನ್ನೊಂದು, ಕೊಳ್ಳಲು ಬಂದವನ ಜೇಬಿನಲ್ಲಿರುವುದು ಮತ್ತೊಂದು. ನ್ಯಾಯವಾದ ಬೆಲೆ ಎಂಬ ನಾಲ್ಕನೆಯದು ಈ ಮೂರರ ನಡುವೆ ಎಲ್ಲೋ ಅಡಗಿ ಕೂತಿರುತ್ತದೆ. 1930ರ ಸರಕು ಮಾರಾಟ ಕಾಯಿದೆಯ 9ನೆಯ ಕಲಂ ಈ ವಿಷಯವನ್ನು ಮುಟ್ಟಿ ಬಿಟ್ಟಿದೆ. ಬೆಲೆ ಇಷ್ಟೆಂದು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಕೊಳ್ಳುವವನು ಸಮಂಜಸವಾದ ಬೆಲೆ ಕೊಡಬೇಕು ಎನ್ನುತ್ತದೆ. ಸಮಂಜಸ ಎಂದರೆ ಎಷ್ಟು ಸ್ವಾಮೀ ಎಂದು ಕೇಳಿದರೆ, ಅದು ಆಯಾ ಪ್ರಕರಣದ ಸಂದರ್ಭ ನೋಡಿ ತೀರ್ಮಾನಿಸಬೇಕಾದ ಸಂಗತಿ ಎಂದು ಕೈ ತೊಳೆದುಕೊಳ್ಳುತ್ತದೆ. ಆದಕಾರಣ ಇಲ್ಲಿ ಸಂದರ್ಭವನ್ನೇ ಕ್ರಮವಾಗಿ ವಿವರಿಸಬೇಕಾಗಿದೆ. ಸ್ಥಳ: ಮೈಸೂರು.

ಮೊದಲು ವಸ್ತು. ಟೂರಿಂಗ್ ಸೈಕಲ್ ಎಂದರೆ ಬಟ್ಟೆಬರೆ, ಟೆಂಟು, ನೀರು, ಬುತ್ತಿ ಎಲ್ಲವನ್ನೂ ಹೇರಿಕೊಂಡು ದಿನಗಟ್ಟಲೆ ಹೋಗಲೆಂದು ಕಟ್ಟಿದ ಗಾಡಿ. ಓಟದ ಸೈಕಲ್ಲು ಕುದುರೆಯಾದರೆ ಇದು ಹೇರೆತ್ತು. ಇದರ ಚೌಕಟ್ಟು ಹೆಚ್ಚಾಗಿ ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆಸಿದ ಉಕ್ಕಿನದು. ತುಳಿಯುವಾಗ ಹಿಮ್ಮಡಿ ಚೀಲಕ್ಕೆ ತಾಗದಿರಲೆಂದು ಹಿಂದಿನ ಚಕ್ರವನ್ನು ಸ್ವಲ್ಪ ದೂರ ಸರಿಸಿ ಕೂರಿಸಿರುತ್ತಾರೆ. ಭಾರ ತಡೆಯಲೆಂದು ಚಕ್ರಕ್ಕೆ 36 ಕಡ್ಡಿ. ಹ್ಯಾಂಡಲ್ಲು ಟಗರಿನ ಕೊಂಬಿನಂತೆ ಕೆಳಗೆ ಬಾಗಿರುತ್ತದೆ. ಮುಂದೆ ಮೂರು ಹಲ್ಲುಚಕ್ರ, ಹಿಂದೆ ಒಂಬತ್ತು, ಒಟ್ಟು 27 ಗೇರು. ಅತಿ ಚಿಕ್ಕ ಗೇರಿಗೆ ಹಾಕಿಕೊಂಡರೆ ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಹಟ್ಟಿ ಘಾಟಿಯ 36 ತಿರುವುಗಳನ್ನೂ ಹತ್ತಬಹುದು. ಪಕ್ಕದಲ್ಲಿ ನಡೆದು ಬರುವವರು ಮುಂದೆ ಹೋಗಿ ಕಾಯುತ್ತಾರೆ, ಅಷ್ಟೆ. ಖಾಲಿ ಇದ್ದಾಗಲೇ ಹದಿಮೂರು ಹದಿನಾಲ್ಕು ಕಿಲೋ ತೂಗುತ್ತದೆ. ಇಷ್ಟೆಲ್ಲ ಇದ್ದೂ ಇದಕ್ಕೆ ಸ್ಟ್ಯಾಂಡ್ ಇರುವುದಿಲ್ಲ, ಚೈನ್ ಕವರ್ ಇರುವುದಿಲ್ಲ, ಬೆಲ್ಲನ್ನು ಬೇರೆ ದುಡ್ಡು ಕೊಟ್ಟು ತರಬೇಕು. ಈ ಮೂರು ‘ಇಲ್ಲ’ಗಳು ಮುಂದೆ ಚೌಕಾಸಿಯ ಹೊತ್ತಿಗೆ ಮತ್ತೆ ಎದ್ದು ಬರುತ್ತವೆ.

ಇಂಥ ಸೈಕಲ್ಲು ಮೈಸೂರಿಗೆ ಬಂದು ಸೇರಲು ಊರಿನ ಭೂಗೋಳವೇ ಕಾರಣ. ಶ್ರೀರಂಗಪಟ್ಟಣ ಹದಿನೈದು ಕಿಲೋಮೀಟರು, ನಂಜನಗೂಡು ಇಪ್ಪತ್ತೈದರ ಒಳಗೆ, ಸೋಮನಾಥಪುರ ಮೂವತ್ತೈದರ ಸುಮಾರು, ಮೇಲುಕೋಟೆ ಐವತ್ತು. ಅಂದರೆ ಬೆಳಿಗ್ಗೆ ಹೊರಟವನಿಗೆ ಎಲ್ಲ ದಿಕ್ಕಿನಲ್ಲೂ ಒಂದು ದೇವಸ್ಥಾನ, ಒಂದು ಹೋಟೆಲು ಖಾತ್ರಿ. ಊರೊಳಗೇ ಸಮುದ್ರಮಟ್ಟದಿಂದ ಸಾವಿರ ಮೀಟರು ದಾಟಿದ ಚಾಮುಂಡಿ ಬೆಟ್ಟವಿದೆ. ದಕ್ಷಿಣಕ್ಕೆ ಹೋದರೆ ಗುಂಡ್ಲುಪೇಟೆ, ಬಂಡೀಪುರ, ಅದರಾಚೆ ನೀಲಗಿರಿ. ‘ಟೂರ್ ಆಫ್ ನೀಲಗಿರೀಸ್’ ಎಂಬ ಸೈಕಲ್ ಯಾತ್ರೆ 2008ರಲ್ಲಿ ಶುರುವಾದ ಮೇಲೆ ಡಿಸೆಂಬರಿನಲ್ಲಿ ಬಿಗಿ ಚಡ್ಡಿಯವರ ದಂಡು ಈ ದಾರಿಯಲ್ಲಿ ಹೋಗುವುದನ್ನು ಊರಿನವರು ನೋಡಿದರು. ಇನ್ನು ಬ್ರೆವೆ ಎಂಬ ಫ್ರಾನ್ಸಿನ ಕಡೆಯ ಪದ್ಧತಿ ಒಂದಿದೆ. ಅದರಲ್ಲಿ 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ, 600 ಕಿಲೋಮೀಟರನ್ನು ನಲವತ್ತು ಗಂಟೆಯೊಳಗೆ ಮುಗಿಸಬೇಕು. ಮುಗಿಸಿದವನಿಗೆ ಸಿಗುವ ಪದಕಕ್ಕೂ ಅವನೇ ದುಡ್ಡು ಕೊಡಬೇಕು. ಇದನ್ನೆಲ್ಲ ಕಂಡು ಕೇಳಿದವನಿಗೆ ಒಂದು ಭಾನುವಾರ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವಾಗ ಜ್ಞಾನೋದಯವಾಗುತ್ತದೆ. 2020ರ ಲಾಕ್‌ಡೌನಿನ ನಂತರ ಇಂಥ ಜ್ಞಾನೋದಯಗಳು ಎಷ್ಟು ಹೆಚ್ಚಾದವೆಂದರೆ ಅಂಗಡಿಗಳಲ್ಲಿ ಸೈಕಲ್ಲಿಗೆ ಕಾಯಬೇಕಾಯಿತು.

ಕೊಂಡ ಮೇಲೆ ಸೈಕಲ್ಲಿನ ಬದುಕು ನಾಲ್ಕು ಆಶ್ರಮಗಳನ್ನು ದಾಟುತ್ತದೆ. ಮೊದಲ ವರ್ಷ ಅದು ನಡುಮನೆಯಲ್ಲಿರುತ್ತದೆ. ಮಕ್ಕಳು ಮುಟ್ಟಬಾರದು, ನೆಂಟರು ಮುಟ್ಟಿದರೆ ಒರೆಸಬೇಕು. ಎರಡನೆಯ ವರ್ಷ ವರಾಂಡಕ್ಕೆ ಬರುತ್ತದೆ. ಮೂರನೆಯ ವರ್ಷ ಬಾಲ್ಕನಿ. ಅಲ್ಲಿ ಅದರ ಟಗರುಕೊಂಬಿನ ಹ್ಯಾಂಡಲ್ಲು ಟವೆಲು ಒಣಹಾಕಲು ಹೇಳಿ ಮಾಡಿಸಿದಂತಿದೆ ಎಂಬುದು ಮನೆಯವರ ಗಮನಕ್ಕೆ ಬರುತ್ತದೆ. ಮಾರುವ ಯೋಚನೆ ಸಾಮಾನ್ಯವಾಗಿ ಹುಟ್ಟುವುದು ಇಲ್ಲೇ. ನಾಲ್ಕನೆಯ ಆಶ್ರಮ ಸೇರಿದ ಸೈಕಲ್ಲನ್ನು ಗುಜರಿಯವನು ಕಿಲೋ ಲೆಕ್ಕದಲ್ಲಿ ಕೇಳುತ್ತಾನೆ. ಹದಿನಾಲ್ಕು ಕಿಲೋ ಕಬ್ಬಿಣಕ್ಕೆ ಅವನು ಕೊಡುವ ದುಡ್ಡಿನಲ್ಲಿ ಮನೆಮಂದಿಯೆಲ್ಲ ಒಂದು ಸಲ ಮಸಾಲೆ ದೋಸೆ ತಿನ್ನಬಹುದು. ಕಾಫಿಗೆ ಕೈಯಿಂದ ಹಾಕಬೇಕು.

ಮಾರಾಟಕ್ಕೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಬಿಲ್ಲು. ಸ್ಕೂಟರಿಗೆ ಆರ್‌ಸಿ ಪುಸ್ತಕವಿದೆ, ಮನೆಗೆ ಖಾತೆಯಿದೆ. ಹಿಂದೆ ಸೈಕಲ್ಲಿಗೂ ಮುನಿಸಿಪಾಲಿಟಿಯವರು ಕೊಡುತ್ತಿದ್ದ ಬಿಲ್ಲೆ ಇತ್ತು. ಈಗಿನ ಸೈಕಲ್ಲಿಗೆ ಯಾವ ನೋಂದಣಿಯೂ ಇಲ್ಲ. ಇದು ನನ್ನದು ಎನ್ನಲು ಇರುವ ಪುರಾವೆ ಅಂಗಡಿಯ ಬಿಲ್ಲು ಮತ್ತು ಪೆಡಲ್ಲಿನ ಅಚ್ಚು ಹಾಯುವ ಜಾಗದ ಕೆಳಗೆ ಚೌಕಟ್ಟಿನ ಮೇಲೆ ಕೊರೆದಿರುವ ನಂಬರು. ನಂಬರನ್ನು ನೋಡಲು ಸೈಕಲ್ಲನ್ನು ತಲೆಕೆಳಗು ಮಾಡಿದರೆ ಸಾಕು. ಬಿಲ್ಲಿನ ವಿಷಯ ಅಷ್ಟು ಸುಲಭವಲ್ಲ. ಏಕೆಂದರೆ ಟೂರಿಂಗ್ ಸೈಕಲ್ಲಿನ ಬಿಲ್ಲು ಮನೆಯಲ್ಲಿ ಬಹಿರಂಗವಾಗಿ ಇಡುವ ಕಾಗದವಲ್ಲ. ಅದು ವಿಮೆಯ ಫೈಲಿನ ಒಳಗೆ, ಅವಧಿ ಮುಗಿದ ಗ್ಯಾಸ್ ಪುಸ್ತಕದ ನಡುವೆ, ಅಪ್ಪನ ಪಿಂಚಣಿಯ ಕಾಗದಗಳ ಜೊತೆ, ಒಟ್ಟಿನಲ್ಲಿ ಯಾರೂ ಕೈ ಹಾಕದ ಜಾಗದಲ್ಲಿರುತ್ತದೆ. ಅದರಲ್ಲಿ 80,000 ರೂಪಾಯಿ ಎಂದಿದ್ದರೆ ಮನೆಯಲ್ಲಿ ಹೇಳಿರುವುದು 28,000. ಸಾಮಾನು ಕಟ್ಟುವ ಕ್ಯಾರಿಯರಿಗೂ ನೀರು ಸೋರದ ಚೀಲಗಳಿಗೂ ಬೇರೆ ಕೊಟ್ಟ 14,000 ರೂಪಾಯಿಯ ಬಗ್ಗೆ ಮನೆಯಲ್ಲಿರುವ ಅಧಿಕೃತ ನಿಲುವು, ಅವು ಸೈಕಲ್ಲಿನ ಜೊತೆ ಫ್ರೀಯಾಗಿ ಬಂದವು ಎಂಬುದು. ಈ ಎರಡು ಲೆಕ್ಕಗಳನ್ನು ಬೇರೆ ಬೇರೆಯಾಗಿಯೇ ಕೊನೆಯವರೆಗೂ ನಡೆಸಿಕೊಂಡು ಹೋಗಬೇಕು.

ಬೆಲೆ ಕಟ್ಟುವ ಕ್ರಮ ಹೀಗೆ. ಎಣಿಕೆ ಕೊಂಡಾಗಿನ ಬೆಲೆಯಿಂದಲ್ಲ, ಅಂಥದೇ ಹೊಸ ಸೈಕಲ್ಲಿನ ಇವತ್ತಿನ ಬೆಲೆಯಿಂದ ಶುರುವಾಗಬೇಕು. ಮಾರುವವನು ತಪ್ಪುವ ಮೊದಲ ಹೆಜ್ಜೆ ಇದೇ. ಸೈಕಲ್ಲಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಂದು ನೂರಕ್ಕೆ ಹನ್ನೆರಡರಿಂದ ಐದಕ್ಕೆ ಇಳಿಯಿತು. ತೆರಿಗೆ ಸೇರಿ 80,000 ಇದ್ದದ್ದು, ಮೂಲ ಬೆಲೆ ಬದಲಾಗದಿದ್ದರೂ, 75,000ಕ್ಕೆ ಬಂದು ನಿಂತಿತು. ಬಾಲ್ಕನಿಯಲ್ಲಿ ಸುಮ್ಮನೆ ನಿಂತಿದ್ದ ಸೈಕಲ್ಲು ದೆಹಲಿಯಲ್ಲಿ ನಡೆದ ಒಂದು ಸಭೆಯಿಂದ ಐದು ಸಾವಿರ ಕಳೆದುಕೊಂಡಿತೆಂದರೆ ಮಾರುವವನು ನಂಬುವುದಿಲ್ಲ. ಕೊಳ್ಳುವವನು ಆ ಸಭೆಯ ತಾರೀಖನ್ನೂ ತಿಳಿದುಕೊಂಡೇ ಬಂದಿರುತ್ತಾನೆ. ಮೂರು ವರ್ಷ ಚೆನ್ನಾಗಿ ನೋಡಿಕೊಂಡ ಸೈಕಲ್ಲಿಗೆ ಇವತ್ತಿನ ಬೆಲೆಯ ಅರ್ಧ ಎಂದು ಹಿಡಿಯುವುದು ಮಾತು ಶುರುಮಾಡಲು ಒಳ್ಳೆಯ ಜಾಗ: 37,500. ಚೈನು, ಹಿಂದಿನ ಹಲ್ಲುಚಕ್ರಗಳು, ಬ್ರೇಕಿನ ಕಟ್ಟೆ, ಕೇಬಲ್ಲು, ಇವು ಸವೆದಿದ್ದರೆ ಹೊಸದಾಗಿ ಹಾಕಿಸುವ ಖರ್ಚನ್ನು ಕಳೆಯಬೇಕು. ಅದು 4,500 ಎಂದುಕೊಂಡರೆ ಉಳಿಯುವುದು 33,000. ಕ್ಯಾರಿಯರು ಮತ್ತು ಚೀಲಗಳಿಗೂ ಅರ್ಧ, 7,000 ಕೂಡಿಸಿದರೆ 40,000. ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದ ಅಂಕಿ ಸಿಗಲಾರದು.

ಕಷ್ಟ ಇರುವುದು ಕಾಗದದ ಮೇಲೆ ಬರೆಯಲಾಗದ ಬಾಬ್ತುಗಳಲ್ಲಿ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬುದು ಸೈಕಲ್ಲಿಗೂ ಸಲ್ಲುವ ಗಾದೆ. ಮಾರುವವನು ಸೈಕಲ್ಲಿನ ಜೊತೆಗೆ ಕಲ್ಹಟ್ಟಿಯ ಮೂವತ್ತಾರು ತಿರುವುಗಳನ್ನೂ ಮಾರಲು ಹೊರಟಿರುತ್ತಾನೆ. ಬಂಡೀಪುರದ ರಸ್ತೆಯಲ್ಲಿ ಆನೆ ಕಂಡದ್ದು, ಆನೆಯೂ ಇವನನ್ನು ಕಂಡದ್ದು, ಮೇಲುಕೋಟೆಯ ಪುಳಿಯೋಗರೆ, ನಂಜನಗೂಡಿನ ದಾರಿಯಲ್ಲಿ ಸುರಿದ ಮಳೆ, ಗುಂಡ್ಲುಪೇಟೆಯಲ್ಲಿ ಪಂಚರಾದಾಗ ದುಡ್ಡು ಬೇಡವೆಂದ ಅಂಗಡಿಯವನು, ಇವೆಲ್ಲಕ್ಕೂ ಅವನ ಮನಸ್ಸಿನಲ್ಲಿ ಒಂದೊಂದು ದರವಿದೆ. ಎಲ್ಲ ಕೂಡಿಸಿ ಅವನು ಹೇಳುವ ಬೆಲೆ 60,000. ಕೊಳ್ಳುವವನ ಕಣ್ಣಿಗೆ ಆನೆ ಕಾಣುವುದಿಲ್ಲ, ಚೌಕಟ್ಟಿನ ಗೀಚು ಕಾಣುತ್ತದೆ. ಆನೆಯನ್ನು ಕಂಡವನು ಆಗಲೇ ಅನುಭವಿಸಿಯಾಗಿದೆ. ಅದರ ದುಡ್ಡನ್ನು ಇನ್ನೊಬ್ಬನಿಂದ ವಸೂಲು ಮಾಡುವುದು ಯಾವ ನ್ಯಾಯ? ಬೇಕಾದರೆ ಲೆಕ್ಕವನ್ನು ತಿರುಗಿಸಿಯೂ ನೋಡಬಹುದು. ಒಟ್ಟು ಹಾಕಿದ್ದು 94,000, ವಾಪಸು ಬರುವುದು 40,000ದ ಆಸುಪಾಸು, ಓಡಿದ್ದು 9,000 ಕಿಲೋಮೀಟರು. ಕಿಲೋಮೀಟರಿಗೆ ಆರು ರೂಪಾಯಿ ಬಿತ್ತು. ಇದು ಆಟೋಗಿಂತ ಅಗ್ಗ. ಆದರೆ ಆಟೋದವರು ಪ್ರಯಾಣಿಕನನ್ನು ತುಳಿಯಲು ಹೇಳುವುದಿಲ್ಲ ಎಂಬುದನ್ನೂ ಪರಿಗಣಿಸಬೇಕಾಗುತ್ತದೆ.

ಸೈಕಲ್ಲಿನ ನಿಜವಾದ ವಯಸ್ಸು ತಿಳಿಯಲು ಮೈಸೂರು ಸೀಮೆಗೆ ಹೊಸ ವಿದ್ಯೆಯೇನೂ ಬೇಕಿಲ್ಲ. ಚುಂಚನಕಟ್ಟೆ, ಮುಡುಕುತೊರೆಯ ದನದ ಜಾತ್ರೆಗಳಲ್ಲಿ ಹಳ್ಳಿಕಾರ್ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಎರಡು ಹಲ್ಲು ಹಾಕಿದೆಯೋ, ನಾಲ್ಕೋ, ಎಂಟೂ ಬಂದು ಬಾಯಿ ಕೂಡಿದೆಯೋ ಎಂಬುದರ ಮೇಲೆ ಬೆಲೆ. ಸೈಕಲ್ಲಿಗೂ ಹಲ್ಲೇ ಪ್ರಮಾಣ, ಲೆಕ್ಕ ಮಾತ್ರ ತಿರುಗುಮುರುಗು. ಎತ್ತಿಗೆ ವಯಸ್ಸಾದಂತೆ ಹಲ್ಲು ಹುಟ್ಟುತ್ತವೆ, ಸೈಕಲ್ಲಿಗೆ ಸವೆಯುತ್ತವೆ. ಹೊಸ ಹಲ್ಲುಚಕ್ರದ ಹಲ್ಲು ಎರಡೂ ಕಡೆ ಸಮನಾಗಿರುತ್ತದೆ. ಹಳತಾದದ್ದು ಒಂದೇ ಕಡೆಗೆ ಕೊಕ್ಕೆಯಂತೆ ವಾಲುತ್ತದೆ. ಚೈನಿಗೆ ಮಕ್ಕಳ ಸ್ಕೇಲಿನ ಪರೀಕ್ಷೆ ಸಾಕು. ಹನ್ನೆರಡು ಇಂಚಿನ ಸ್ಕೇಲಿನ ಒಂದು ತುದಿಯನ್ನು ಚೈನಿನ ಒಂದು ಪಿನ್ನಿನ ಮಧ್ಯಕ್ಕೆ ಹಿಡಿದರೆ ಇನ್ನೊಂದು ತುದಿಯೂ ಒಂದು ಪಿನ್ನಿನ ಮಧ್ಯಕ್ಕೇ ಬರಬೇಕು. ಆ ಪಿನ್ನು ಇಂಚಿನ ಹದಿನಾರನೆಯ ಒಂದು ಭಾಗ ಆಚೆ ಸರಿದಿದ್ದರೆ ಚೈನು ಬದಲಿಸುವ ಕಾಲ. ಎಂಟನೆಯ ಒಂದು ಭಾಗ ಸರಿದಿದ್ದರೆ ಅದು ಹಿಂದಿನ ಹಲ್ಲುಗಳನ್ನೂ ತಿಂದು ಮುಗಿಸಿರುತ್ತದೆ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದಂತೆ. 40,000 ಕೊಟ್ಟು ತರುವ ಸೈಕಲ್ಲಿನದನ್ನು ಎಣಿಸದೆ ಬಿಡಬಾರದು.

ಇನ್ನು ಸಿಂಗಾರ. ಜಾತ್ರೆಯಲ್ಲಿ ಎತ್ತಿನ ಕೊಂಬು ಹೆರೆದು ಎಣ್ಣೆ ಹಚ್ಚುತ್ತಾರೆ. ಸೈಕಲ್ಲನ್ನು ತೊಳೆದು, ಚೈನನ್ನು ಡೀಸೆಲ್ಲಿನಲ್ಲಿ ತಿಕ್ಕಿ, ಚಕ್ರದ ಬೆಂಡು ತೆಗೆಸಿ, ಹಳ್ಳಿಯ ಸೈಕಲ್ ಶಾಪಿನವರು ‘ಓವರಾಯಿಲಿಂಗ್’ ಎಂದು ಕರೆದು ಇಂಗ್ಲಿಷಿಗಿಂತ ಸ್ಪಷ್ಟವಾದ ಅರ್ಥ ಕೊಟ್ಟ ಕೆಲಸವನ್ನು ಮಾಡಿಸುತ್ತಾರೆ. ಇದು ಅತಿಯಾಗಬಾರದು. ಫಳಫಳ ಹೊಳೆಯುವ ಹಳೇ ಸೈಕಲ್ಲನ್ನು ಕಂಡರೆ ಬಣ್ಣ ಹಚ್ಚಿದ ಮೀಸೆಯವರನ್ನು ಕಂಡಂತೆ, ನೋಡುವವರು ವಯಸ್ಸನ್ನು ಇನ್ನೂ ನಾಲ್ಕು ವರ್ಷ ಹೆಚ್ಚೇ ಊಹಿಸುತ್ತಾರೆ. ಮೈಸೂರಿನ ಸೈಕಲ್ಲಿಗೆ ವಿಶೇಷವಾದ ಇನ್ನೊಂದು ಗುರುತೆಂದರೆ ಆಯುಧಪೂಜೆಯದು. ಹ್ಯಾಂಡಲ್ಲಿನ ಬಿಳಿ ಪಟ್ಟಿಯ ಮೇಲೆ, ಚರ್ಮದ ಸೀಟಿನ ಹೊಲಿಗೆಯೊಳಗೆ ಇಳಿದ ಕುಂಕುಮ ಯಾವ ಸೋಪಿಗೂ ಬಗ್ಗುವುದಿಲ್ಲ. ಮರದ ಉಂಗುರ ಎಣಿಸಿದಂತೆ ಕುಂಕುಮದ ಪದರ ಎಣಿಸಿ, “ಮೂರು ವರ್ಷ ಅಂದ್ರಿ, ಇಲ್ಲಿ ನಾಕ್ ದಸರಾ ಕಾಣ್ತವಲ್ಲ ಸಾರ್” ಎನ್ನುವ ಕೊಳ್ಳುವವರೂ ಇದ್ದಾರೆ.

ಫೋಟೊವನ್ನು ಚೈನು ಇರುವ ಬದಿಯಿಂದ, ಬರಿಗೋಡೆಯ ಮುಂದೆ, ಹಗಲಿನಲ್ಲಿ ತೆಗೆಯಬೇಕು. ಗೀಚು, ತುಕ್ಕು, ತಗ್ಗುಗಳಿಗೆ ಒಂದೊಂದು ಫೋಟೊ ಬೇರೆ ಇರಬೇಕು. ಕೊಳ್ಳುವವನಿಗೆ ಮೊದಲೇ ಗೊತ್ತಿರುವ ಗೀಚಿಗೆ ಅವನು ಬಂದು ನಿಂತು ಬೆಲೆ ಇಳಿಸಲಾರ. ಮೈಸೂರಿನವರು ಸಾಮಾನ್ಯವಾಗಿ ಇದಕ್ಕೆ ಬದಲು ಭಾನುವಾರ ಸಂಜೆ ಸೈಕಲ್ಲನ್ನು ಅರಮನೆಯ ಮುಂದೆ ಒರಗಿಸಿ ತೆಗೆಯುತ್ತಾರೆ. ಸುಮಾರು ಒಂದು ಲಕ್ಷ ಬಲ್ಬುಗಳು ಹೊತ್ತಿಕೊಂಡ ಅರಮನೆಯ ಮುಂದೆ ಯಾವ ಸೈಕಲ್ಲಾದರೂ ಕಪ್ಪು ಗೆರೆಗಳ ಚಿತ್ರವಾಗಿ ಬಿಡುತ್ತದೆ. ಅಂಥ ಫೋಟೊವನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದರೆ ಬರುವ ಉತ್ತರಗಳೆಲ್ಲ ಅರಮನೆ ಬಲು ಚೆನ್ನಾಗಿ ಬಂದಿದೆ ಎಂದೇ ಇರುತ್ತವೆ.

ಕಾಲವನ್ನೂ ನೋಡಿಕೊಳ್ಳಬೇಕು. ಆಷಾಢದಲ್ಲಿ ವ್ಯಾಪಾರ ಕುದುರುವುದಿಲ್ಲ. ಹೊಸದನ್ನು ಕೊಳ್ಳಬಾರದೆಂಬ ನಿಯಮವನ್ನು ಹಳೆಯದಕ್ಕೂ ಹಚ್ಚುತ್ತಾರೆ. ಸೈಕಲ್ಲು ಹಳೆಯದಾದರೂ ಕೊಳ್ಳುವವನಿಗೆ ಹೊಸದಲ್ಲವೇ ಎಂಬ ತರ್ಕಕ್ಕೆ ಎದುರಿಲ್ಲ. ಶ್ರಾವಣದಲ್ಲಿ ಹಬ್ಬದ ಖರ್ಚು, ದಸರೆಯಲ್ಲಿ ನೆಂಟರ ಖರ್ಚು. ಮಳೆ ನಿಂತು ರಸ್ತೆ ಒಣಗಿ, ದೂರ ಹೋಗುವವರಿಗೆ ಕಾಲು ತುರಿಸುವ ನವೆಂಬರಿನಿಂದ ಜನವರಿಯವರೆಗಿನ ಮೂರು ತಿಂಗಳೇ ಟೂರಿಂಗ್ ಸೈಕಲ್ಲಿಗೆ ಸುಗ್ಗಿ. ಮಾರುವವನಿಗೂ ಅದೇ ತಿಂಗಳುಗಳಲ್ಲಿ, ಮಾರುವುದು ಬೇಡ, ಇನ್ನೊಂದು ಸಲ ಊಟಿಗೆ ಹೋಗಿ ಬಂದರಾಯಿತು ಎನಿಸುವುದೇ ಇಲ್ಲಿರುವ ತೊಡಕು. ಹೀಗೆ ತಪ್ಪಿಹೋದ ಸುಗ್ಗಿಗಳ ಲೆಕ್ಕ ಮೈಸೂರಿನ ಬಾಲ್ಕನಿಗಳಿಗೆ ಗೊತ್ತಿದೆ.

ಕೊಳ್ಳಲು ಬರುವವರಲ್ಲಿ ನಾಲ್ಕು ಬಗೆ. ಮೊದಲನೆಯವನು ಕಾಲೇಜು ಹುಡುಗ. ಲಡಾಖಿಗೆ ಹೋಗುವವನಿದ್ದಾನೆ, ಕೈಯಲ್ಲಿ 9,000 ಇದೆ, ಉಳಿದದ್ದನ್ನು ಲಡಾಖಿನಿಂದ ಬಂದ ಮೇಲೆ ಕೊಡುತ್ತಾನೆ. ಎರಡನೆಯವರು ಬದಲಿ ವ್ಯಾಪಾರದವರು. ಸೈಕಲ್ಲು ಕೊಟ್ಟರೆ ಒಂದು ಗಿಟಾರು, ಮೀನಿನ ತೊಟ್ಟಿ ಮತ್ತು ಸ್ವಲ್ಪ ನಗದು ಕೊಡುತ್ತಾರೆ. ಮೂರನೆಯವರು ಸರಸ್ವತೀಪುರಂ ಕಡೆಯ ನಿವೃತ್ತರು. ಇವರು ಕೊಳ್ಳುವುದಿಲ್ಲ, ಕೊಳ್ಳುವ ಉದ್ದೇಶವೂ ಇರುವುದಿಲ್ಲ, ಆದರೂ ಇವರನ್ನು ಕೂರಿಸಿ ಕಾಫಿ ಕೊಡಬೇಕು. ಒಳಪೆಡಲ್ ಹೊಡೆದು ಕಲಿತ ರಾಲಿ ಸೈಕಲ್ಲು, ಗಂಟೆಗಿಷ್ಟು ಎಂದು ತರುತ್ತಿದ್ದ ಬಾಡಿಗೆ ಸೈಕಲ್ಲು, ರಾತ್ರಿ ದೀಪವಿಲ್ಲದೆ ಹೋಗಿ ಪೊಲೀಸಿನವನ ಕೈಗೆ ಸಿಕ್ಕಿ ಚಕ್ರದ ಗಾಳಿ ಕಳೆದುಕೊಂಡದ್ದು, ಇದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಕೇಳುತ್ತಾರೆ:

“ಇದಕ್ಕೆಷ್ಟು ಕೊಟ್ಟಿದ್ದೆಯಪ್ಪಾ?”

ಒಳಗೆ ಒಗ್ಗರಣೆಯ ಸದ್ದು ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಮನೆಯವರು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಅರ್ಥ. ಇಂಥ ಹೊತ್ತಿನಲ್ಲಿ ಮಾರುವವನು ಹವಾಮಾನದ ಕಡೆ ಮಾತು ತಿರುಗಿಸಬೇಕು.

ನಾಲ್ಕನೆಯವನೇ ನಿಜವಾದ ಗಿರಾಕಿ. ಅವನನ್ನು ಗುರುತಿಸುವುದು ಸುಲಭ. ಬಂದವನೇ ಬೆಲೆ ಕೇಳದೆ ಸೈಜು ಕೇಳುತ್ತಾನೆ. ಟೂರಿಂಗ್ ಸೈಕಲ್ಲಿನ ಚೌಕಟ್ಟು ಚಪ್ಪಲಿಯಿದ್ದಂತೆ, 52, 54, 56, 58 ಸೆಂಟಿಮೀಟರು ಎಂದು ಅಳತೆಗಳಿರುತ್ತವೆ. ಆರಡಿಯವನ ಸೈಕಲ್ಲನ್ನು ಐದೂಕಾಲಡಿಯವನು ಕೊಂಡರೆ ಅವನ ಬೆನ್ನು ನೋವಿಗೆ ಆಗುವ ಖರ್ಚು ಸೈಕಲ್ಲಿನ ಬೆಲೆಯನ್ನು ದಾಟುತ್ತದೆ. ಆದ್ದರಿಂದ ಊರಿನಲ್ಲಿ ಎಷ್ಟು ಜನ ಸೈಕಲ್ ಹುಚ್ಚರಿದ್ದಾರೆ ಎಂಬುದಕ್ಕಿಂತ ಅವರಲ್ಲಿ ಎಷ್ಟು ಜನ ಮಾರುವವನಷ್ಟೇ ಎತ್ತರ ಇದ್ದಾರೆ ಎಂಬುದೇ ಮುಖ್ಯ. ಸೀಟನ್ನು ಇಳಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಹೇಳಿ ಮಾರುವವನು ನ್ಯಾಯವಾದ ಬೆಲೆ ಕೇಳುವ ಹಕ್ಕನ್ನು ಕಳೆದುಕೊಂಡನೆಂದೇ ತಿಳಿಯಬೇಕು.

ಮುಂದಿನದು ಟ್ರಯಲ್. ಸೈಕಲ್ಲನ್ನು ಓಡಿಸಿ ನೋಡದೆ ಯಾರೂ ಕೊಳ್ಳಬಾರದು. ಓಡಿಸಲು ತೆಗೆದುಕೊಂಡು ಹೋದವನು ಹಿಂದಿರುಗುತ್ತಾನೆಂಬ ಭರವಸೆ ಕಾಯಿದೆಯಲ್ಲಿಲ್ಲ. ಅವನು ಬಂದ ಸ್ಕೂಟರಿನ ಕೀಲಿಕೈ ಮೇಜಿನ ಮೇಲಿರುವುದು ಇಬ್ಬರ ಮರ್ಯಾದೆಗೂ ಒಳ್ಳೆಯದು. ಕೆ.ಆರ್. ಸರ್ಕಲ್ಲಿನ ಕಡೆ ಕಳಿಸಿದರೆ ಬ್ರೇಕಿನ ಪರೀಕ್ಷೆ ಮಾತ್ರ ಆಗುತ್ತದೆ. ಮಾನಸಗಂಗೋತ್ರಿಯ ಮರಗಳ ನೆರಳಿನ ರಸ್ತೆ ಸಮತಟ್ಟಿಗೆ, ಚಾಮುಂಡಿ ಬೆಟ್ಟದ ಬುಡದ ಏರು ಗೇರಿಗೆ. ಗೇರು ಬದಲಿಸುವ ಸನ್ನೆ ಟೂರಿಂಗ್ ಸೈಕಲ್ಲುಗಳಲ್ಲಿ ಹಲವು ಸಲ ಹ್ಯಾಂಡಲ್ಲಿನ ಕೊಂಬಿನ ತುದಿಯಲ್ಲಿರುತ್ತದೆ. ಗೊತ್ತಿಲ್ಲದವನು ಅದನ್ನು ಹುಡುಕುತ್ತ ಒಂದೇ ಗೇರಿನಲ್ಲಿ ಬೆಟ್ಟ ಹತ್ತಿ, ಮೂಗಿನಿಂದ ಬಾಯಿಂದ ಉಸಿರು ಬಿಡುತ್ತ ವಾಪಸು ಬಂದು, ಸೈಕಲ್ಲು ಬಹಳ ಭಾರ ಎಂದು ಎರಡು ಸಾವಿರ ಇಳಿಸುತ್ತಾನೆ. ಹೊರಡುವ ಮೊದಲು ಗೇರು ತೋರಿಸಿಕೊಡಲು ಬೇಕಾಗುವುದು ಎರಡು ನಿಮಿಷ. ಸೈಕಲ್ ವ್ಯಾಪಾರದಲ್ಲಿ ನಿಮಿಷಕ್ಕೆ ಸಾವಿರ ರೂಪಾಯಿ ಉಳಿಸುವ ಬೇರೆ ದಾರಿಯಿಲ್ಲ.

ಆಮೇಲೆ ಚೌಕಾಸಿ. ದನದ ಜಾತ್ರೆಯಲ್ಲಿ ಇದು ಟವೆಲಿನ ಕೆಳಗೆ ಮೌನವಾಗಿ ನಡೆಯುತ್ತದೆ. ದಲ್ಲಾಳಿ ಕೊಳ್ಳುವವನ ಬೆರಳು ಹಿಡಿಯುತ್ತಾನೆ, ಮಾರುವವನ ಬೆರಳು ಒತ್ತುತ್ತಾನೆ, ಸುತ್ತ ನಿಂತವರಿಗೆ ಬೆಲೆ ತಿಳಿಯುವುದೇ ಇಲ್ಲ. ಮನೆಯಲ್ಲಿ ಎರಡು ಲೆಕ್ಕ ನಡೆಸುತ್ತಿರುವ ಸೈಕಲ್ ಮಾಲೀಕನಿಗೆ ಇದಕ್ಕಿಂತ ಅನುಕೂಲವಾದ ಪದ್ಧತಿ ಇರಲಾರದು. ದುರದೃಷ್ಟದಿಂದ ಸೈಕಲ್ಲಿಗೆ ದಲ್ಲಾಳಿಗಳಿಲ್ಲ. ಬಾಲ್ಕನಿಯಲ್ಲಿ ಒಣಗುತ್ತಿರುವ ಟವೆಲು ಕೈಗೆಟುಕುವಂತಿದ್ದರೂ ಅದರ ಕೆಳಗೆ ಕೈ ಹಾಕಲು ಈಗಿನ ಗಿರಾಕಿಗಳು ಒಪ್ಪುವುದಿಲ್ಲ. ಎಲ್ಲವೂ ಬಾಯಿಮಾತಿನಲ್ಲಿ, ಎತ್ತರದ ದನಿಯಲ್ಲಿ ಆಗಬೇಕು. ಅದರ ಕ್ರಮ ಹೆಚ್ಚುಕಡಿಮೆ ಗೊತ್ತಾಗಿಬಿಟ್ಟಿದೆ.

“ಇಷ್ಟ್ ದುಡ್ಡು ಹೇಳ್ತೀರಾ, ಒಂದು ಸ್ಟ್ಯಾಂಡ್ ಇಲ್ವಲ್ಲ ಸಾರ್?”

ಇದು ಮೊದಲ ಬಾಣ. ಹಾಲಿನವನ ಸೈಕಲ್ಲಿಗೂ ಇರುವ ಸ್ಟ್ಯಾಂಡು ಇದಕ್ಕಿಲ್ಲವೆಂಬುದು ತರ್ಕದಿಂದ ಸಮರ್ಥಿಸಿಕೊಳ್ಳಲಾಗದ ಸಂಗತಿ. ಎರಡನೆಯ ಬಾಣ ಹೆದ್ದಾರಿಯದು. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳ ಜೊತೆಗೆ ಮೋಟಾರಿಲ್ಲದ ಗಾಡಿಗಳನ್ನೂ ಬಿಡುವುದಿಲ್ಲ. ಸೈಕಲ್ಲಿನವರು ಪಕ್ಕದ ಸರ್ವಿಸ್ ರಸ್ತೆ ಹಿಡಿಯಬೇಕು. ಬೆಂಗಳೂರಿಗೇ ಬಿಡದ ಸೈಕಲ್ಲಿಗೆ 40,000 ಯಾಕೆ ಎಂಬುದು ಅವನ ಪ್ರಶ್ನೆ. ಮೂರನೆಯದು ಟ್ರಿಣ್ ಟ್ರಿಣ್. ಊರಿನಲ್ಲಿ 2017ರ ಜೂನಿನಲ್ಲಿ 450 ಸೈಕಲ್ಲುಗಳೊಂದಿಗೆ ಶುರುವಾದ ಆ ಸಾರ್ವಜನಿಕ ಸೈಕಲ್ ವ್ಯವಸ್ಥೆಯಲ್ಲಿ ಚಿಲ್ಲರೆ ದುಡ್ಡಿಗೆ ಸೈಕಲ್ಲು ಸಿಗುತ್ತದೆ, ಸ್ಟ್ಯಾಂಡೂ ಇರುತ್ತದೆ. ಇದೆಲ್ಲಕ್ಕೂ ಉತ್ತರಗಳಿವೆ. ಸರ್ವಿಸ್ ರಸ್ತೆಯಲ್ಲೂ ಬೆಂಗಳೂರು ಸಿಗುತ್ತದೆ, ಟ್ರಿಣ್ ಟ್ರಿಣ್ ಸೈಕಲ್ಲು ಊಟಿಗೆ ಹೋಗುವುದಿಲ್ಲ. ಆದರೆ ಉತ್ತರ ಕೊಡಲು ಹೋಗಬಾರದು. ವಾದದಲ್ಲಿ ಸೋತ ಗಿರಾಕಿ ಬೆಲೆಯಲ್ಲಿ ಸೇಡು ತೀರಿಸಿಕೊಳ್ಳುತ್ತಾನೆ. ಬರೆದಿಟ್ಟ ಲೆಕ್ಕದ ಚೀಟಿಯನ್ನು, ಅರ್ಧ, ಸವಕಳಿ, ಚೀಲದ ದುಡ್ಡು ಎಲ್ಲವನ್ನೂ, ಅವನ ಮುಂದಿಟ್ಟು ಸುಮ್ಮನಿರಬೇಕು. ಅವನು 30,000ದಿಂದ ಏರುತ್ತಾನೆ, ಇವನು 40,000ದಿಂದ ಇಳಿಯುತ್ತಾನೆ. ನಡುವೆ ಒಮ್ಮೆ ಅವನು ಎದ್ದು ಗೇಟಿನವರೆಗೆ ಹೋಗುತ್ತಾನೆ. ಗೇಟಿನಲ್ಲಿ ಚಪ್ಪಲಿ ಹುಡುಕಲು ಹೆಚ್ಚು ಹೊತ್ತು ತೆಗೆದುಕೊಂಡರೆ ವ್ಯಾಪಾರ ಆಗುತ್ತದೆ ಎಂದು ತಿಳಿಯಬೇಕು. 36,000ಕ್ಕೆ ಮಾತು ನಿಲ್ಲುತ್ತದೆ. ಇಬ್ಬರಿಗೂ ತಾನು ಸೋತೆನೇನೋ ಎಂಬ ಸಣ್ಣ ಅನುಮಾನ ಉಳಿಯುವ ಅಂಕಿ ಇದು. ನ್ಯಾಯವಾದ ಬೆಲೆಯ ಲಕ್ಷಣವೂ ಅದೇ.

ಇಷ್ಟಾದರೂ ವ್ಯಾಪಾರ ಮುಗಿದಿಲ್ಲ. ಕೊಸರು ಬಾಕಿ ಇದೆ. ದೇವರಾಜ ಮಾರುಕಟ್ಟೆಯಲ್ಲಿ ಒಂದು ಕಿಲೋ ಬದನೆಕಾಯಿ ಕೊಂಡವರಿಗೂ ಒಂದು ಎಸಳು ಕರಿಬೇವು ಕೇಳುವ ಹಕ್ಕಿರುವಾಗ 36,000 ಕೊಟ್ಟವನು ಬರಿಗೈಯಲ್ಲಿ ಹೋಗುವುದುಂಟೇ? ಅವನು ಪಂಪು ಕೇಳುತ್ತಾನೆ. ತಿಳಿದ ಮಾರುವವನು ಇದನ್ನು ಮೊದಲೇ ಊಹಿಸಿ ಪಂಪನ್ನು ಫೋಟೊದಲ್ಲೂ ತೋರಿಸದೆ ಮಂಚದ ಕೆಳಗೆ ಇಟ್ಟಿರುತ್ತಾನೆ. ಕೊಸರಿಗೆಂದು ಏನನ್ನೂ ಉಳಿಸಿಕೊಳ್ಳದವನು ಕೊನೆಗೆ ಬೆಲೆಯನ್ನೇ ಕೊಸರಾಗಿ ಕೊಡಬೇಕಾಗುತ್ತದೆ. ನಿಜ ಹೇಳಬೇಕೆಂದರೆ ಪಂಪನ್ನು ಕೊಡುವುದೇ ಧರ್ಮ. ಈ ಸೈಕಲ್ಲುಗಳಲ್ಲಿ ಹಲವಕ್ಕೆ ಪ್ರೆಸ್ಟಾ ಎಂಬ ಕಡ್ಡಿಯಂಥ ಸಣ್ಣ ವಾಲ್ವಿರುತ್ತದೆ. ಪೆಟ್ರೋಲ್ ಬಂಕಿನ ಗಾಳಿ ಕೊಳವೆ ಅದಕ್ಕೆ ಕೂರುವುದಿಲ್ಲ, ಹಿತ್ತಾಳೆಯ ಗುಂಡಿಯಂಥ ಅಡಾಪ್ಟರು ಬೇಕು. ಅದಿಲ್ಲದೆ ಹೊರಟ ಹೊಸ ಮಾಲೀಕ ಗುಂಡ್ಲುಪೇಟೆಯಿಂದ ಫೋನು ಮಾಡುತ್ತಾನೆ.

ಹಸ್ತಾಂತರದ ಚೀಟಿ ಚಿಕ್ಕದಾಗಿರಲಿ, ಪೂರ್ತಿಯಾಗಿರಲಿ. ಮಾರಿದವರ ಮತ್ತು ಕೊಂಡವರ ಹೆಸರು, ತಾರೀಖು, ದುಡ್ಡು, ಚೌಕಟ್ಟಿನ ನಂಬರು, ಇದ್ದ ಸ್ಥಿತಿಯಲ್ಲಿ ನೋಡಿ ಒಪ್ಪಿ ಕೊಂಡಿದ್ದೇನೆ ಎಂಬ ಒಂದು ಸಾಲು, ಇಬ್ಬರ ಸಹಿ, ಎರಡು ಪ್ರತಿ. ತನ್ನದಲ್ಲದ ವಸ್ತುವನ್ನು ಮಾರಿದವನಿಂದ ಕೊಂಡವನಿಗೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಅದರ ಒಡೆತನ ಬರುವುದಿಲ್ಲ ಎಂದು ಅದೇ 1930ರ ಕಾಯಿದೆಯ 27ನೆಯ ಕಲಂ ಹೇಳುತ್ತದೆ. ಆದ್ದರಿಂದ ಮೂಲ ಬಿಲ್ಲನ್ನೂ ಜೊತೆಗೆ ಕೊಡಬೇಕು. ಬಾಗಿಲ ಬಳಿ, ಮಡಚಿ, ಬೆಲೆ ಒಳಗೆ ಬರುವಂತೆ ಕೊಡಬೇಕು. ಕೊಂಡವನು ಅಲ್ಲೇ ಬಿಡಿಸಿ, “ಓಹೋ, ಎಂಬತ್ತು” ಎಂದು ಗಟ್ಟಿಯಾಗಿ ಓದಲು ಶುರುಮಾಡಿದರೆ ಅಷ್ಟರಲ್ಲಿ ಸೈಕಲ್ಲಿನ ಬೆಲ್ಲು ಹೊಡೆಯಬೇಕು. ಬೇರೆ ದುಡ್ಡು ಕೊಟ್ಟು ತಂದ ಬೆಲ್ಲಿನಿಂದ ಆಗುವ ಮುಖ್ಯ ಪ್ರಯೋಜನ ಇದು.

ಕೊನೆಯದು ಮನೆಯ ಲೆಕ್ಕ. ಹೊರಗಿನ ಪುಸ್ತಕದ ಪ್ರಕಾರ 94,000 ಹಾಕಿ 36,000 ತೆಗೆದದ್ದಾಯಿತು, ನಷ್ಟ 58,000. ಮನೆಯ ಪುಸ್ತಕದ ಪ್ರಕಾರ 28,000ಕ್ಕೆ ತಂದ ಸೈಕಲ್ಲನ್ನು ಮೂರು ವರ್ಷ ಓಡಿಸಿ 36,000ಕ್ಕೆ ಮಾರಿದ್ದಾಯಿತು, ಲಾಭ 8,000. ಇಂಥ ವ್ಯಾಪಾರವನ್ನು ಮನೆಯವರು ಈವರೆಗೆ ಕಂಡಿರುವುದಿಲ್ಲ. ಮಾರಿದವನ ಬುದ್ಧಿವಂತಿಕೆಯ ಬಗ್ಗೆ ಅವರಿಗಿದ್ದ ಅಭಿಪ್ರಾಯ ಒಂದೇ ಸಂಜೆಯಲ್ಲಿ ಬದಲಾಗುತ್ತದೆ. ರಾತ್ರಿ ಊಟದ ಹೊತ್ತಿಗೆ ಮಾತು ಬರುತ್ತದೆ:

“ರೀ, ಹಾಗಿದ್ರೆ ಇನ್ನೂ ಎರಡು ತಂದು ಮಾರಿದ್ರೆ ಹೇಗೆ?”

ಈ ಪ್ರಶ್ನೆಗೆ 1930ರ ಕಾಯಿದೆಯಲ್ಲಿ ಉತ್ತರವಿಲ್ಲ. ಆ 8,000ವನ್ನು ಲಾಭವೆಂದೇ ಮನೆಯ ಖರ್ಚಿಗೆ ಒಪ್ಪಿಸಿ, ಬಾಲ್ಕನಿಯಲ್ಲಿ ಟವೆಲು ಒಣಹಾಕಲು ಮಾರನೆಯ ದಿನವೇ ಒಂದು ಸ್ಟ್ಯಾಂಡ್ ತರುವುದು ವಾಡಿಕೆ.